ಕಲ್ಲಿಗೆ ಬೆಂಕಿ ಹತ್ತಲ್ಲ ಅಂದುಕೊಂಡಿದ್ದರು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಕಡಿಮೆ ಆಯಿತಾ? ಮೊನ್ನೆ ಫೋನಿನಲ್ಲಿ ರೇಗಿಸಿದೆಯಲ್ಲ, "ಕೆಜಿಎಫ್ ಪಕ್ಕದಲ್ಲೇ ಇದ್ದಾಗ ಒಂದು ದಿನ ಗಣಿ ಕಡೆ ತಿರುಗಿ ನೋಡದವನು, ಅಮೆರಿಕಕ್ಕೆ ಹೋಗಿ ಬೆಳ್ಳಿ ಗಣಿ ನೋಡ್ತೀಯಾ" ಅಂತ. ಬೈಸಿಕೊಳ್ಳುವ ಮಾತೇ ಬಿಡು. ಆದರೆ ಅಲ್ಲಿ ತಿಳಿದ ಸಂಗತಿಗಳನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಈ ಪತ್ರ. ನಿಮ್ಮ ಊರಿನ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನಾನು ಹೋದದ್ದು ಐಡಾಹೊ ರಾಜ್ಯದ ಕೆಲಾಗ್ ಅನ್ನುವ ಸಣ್ಣ ಊರಿಗೆ. ಆ ಕಣಿವೆಯನ್ನು ಸಿಲ್ವರ್ ವ್ಯಾಲಿ ಅಂತಲೇ ಕರೆಯುತ್ತಾರೆ. 1880ರ ದಶಕದಿಂದ ಇಲ್ಲಿಯವರೆಗೆ ನೂರು ಕೋಟಿ ಔನ್ಸಿಗೂ ಜಾಸ್ತಿ ಬೆಳ್ಳಿ ತೆಗೆದಿದ್ದಾರಂತೆ. ಅದರಲ್ಲಿ ದೊಡ್ಡ ಪಾಲು ಸನ್‌ಶೈನ್ ಗಣಿಯದು.

2001ರಲ್ಲಿ ಮುಚ್ಚುವ ಮೊದಲು ಅಲ್ಲಿ ಕೆಲಸಕ್ಕೆ ಇಳಿಯುವುದೇ ಒಂದು ಪ್ರಯಾಣವಾಗಿತ್ತು. ಮೊದಲು ಬಾವಿಯಂತೆ ನೇರ ಕೆಳಗಿಳಿಯುವ ಜ್ಯುವೆಲ್ ಶಾಫ್ಟ್‌ನಲ್ಲಿ ಕೇಜ್ (ಲಿಫ್ಟಿನಂಥ ಪಂಜರ) ಹತ್ತಿ ಸಾವಿರ ಮೀಟರಿನಷ್ಟು ಕೆಳಗೆ. ಅಲ್ಲಿಂದ ಪುಟ್ಟ ರೈಲಿನಲ್ಲಿ ಬೆಟ್ಟದ ಒಳಗೆ ಅಡ್ಡಡ್ಡ ಸುಮಾರು ಒಂದು ಮೈಲಿ. ಆಮೇಲೆ 10ನೇ ನಂಬರ್ ಶಾಫ್ಟ್‌ನಲ್ಲಿ ಮತ್ತೆ ಕೆಳಗೆ. ಈ ಎರಡನೇ ಶಾಫ್ಟ್ ಶುರುವಾಗುವುದೇ ಬೆಟ್ಟದ ಹೊಟ್ಟೆಯಲ್ಲಿ, ಅದಕ್ಕೆ ಹೊರಗಡೆ ಬಾಯಿಯೇ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಕೆಳಗೆ ಇಬ್ಬಿಬ್ಬರ ಜೋಡಿ. ಹಿಂದಿನ ಪಾಳಿಯವರು ಸಿಡಿಸಿ ಹೋದ ಕಲ್ಲು ಎದುರಿಗೆ ಬಿದ್ದಿರುತ್ತದೆ. ಅದನ್ನು ಮುಟ್ಟುವ ಮೊದಲು ಉದ್ದನೆಯ ಕಬ್ಬಿಣದ ಗಡಾರಿಯಿಂದ ತಲೆ ಮೇಲಿನ ಬಂಡೆಯನ್ನು ತಟ್ಟಿ ನೋಡಬೇಕು. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಬಿರುಕು ಬಿಟ್ಟಿದೆ ಅಂತ ಅರ್ಥ, ಮೀಟಿ ಬೀಳಿಸಬೇಕು. ಅದು ಬೀಳುವಾಗ ಎತ್ತ ಹಾರಬೇಕು ಅನ್ನುವುದನ್ನು ಮೊದಲೇ ನೋಡಿಟ್ಟುಕೊಂಡಿರಬೇಕು. ಆಮೇಲೆ ಕಲ್ಲು ತೆಗೆಯುವುದು, ಮರದ ಆಸರೆ ಕೊಡುವುದು, ಡ್ರಿಲ್ ಹಾಕುವುದು, ಮದ್ದು ತುಂಬುವುದು. ಪಾಳಿ ಮುಗಿಯುವ ಹೊತ್ತಿಗೆ ಸಿಡಿಸಿ ಹೊರಡುವುದು. ಸೆಕೆ ಅಂದರೆ ಸೆಕೆ. ಆಳಕ್ಕೆ ಹೋದಷ್ಟೂ ಬಂಡೆಯೇ ಕಾದಿರುತ್ತದೆ.

ಇದಕ್ಕೆಲ್ಲ ಸಂಬಳದ ಲೆಕ್ಕ ಬೇರೆ. ಜಾಸ್ತಿ ಕಲ್ಲು ಒಡೆದ ಜೋಡಿಗೆ ಜಾಸ್ತಿ ದುಡ್ಡು. ಗಡಾರಿ ಹಿಡಿದು ನಿಂತವನ ಮನಸ್ಸು ಯಾವ ಕಡೆ ಎಳೆಯುತ್ತದೆ, ನೀನೇ ಹೇಳು. ಯಾರಾದರೂ ಸತ್ತರೆ "ಅವನೇ ಅವಸರ ಮಾಡಿದ" ಅಂದುಬಿಡುವುದು ಸುಲಭ. ಆ ಅವಸರ ಕೂಲಿಯ ಲೆಕ್ಕದಲ್ಲೇ ಇತ್ತು ಅನ್ನುವುದು ನನ್ನ ಅನಿಸಿಕೆ.

ನಿಮ್ಮ ತಾತ ಏರ್‌ಬ್ಲಾಸ್ಟ್ ಅಂತಿದ್ದರಲ್ಲ, ಭಾರ ತಡೆಯಲಾರದೆ ಬಂಡೆ ತಾನೇ ಸಿಡಿಯುವುದು, ಅದು ಈ ಕಣಿವೆಯಲ್ಲೂ ಇದೆ. ಪಕ್ಕದ ಲಕ್ಕಿ ಫ್ರೈಡೇ ಗಣಿಯಲ್ಲಿ 2011ರ ಡಿಸೆಂಬರಿನಲ್ಲಿ ಹಾಗೆ ಸಿಡಿದು ಏಳು ಜನರಿಗೆ ಗಾಯವಾಯಿತು. ಅದೇ ವರ್ಷ ಅಲ್ಲೇ ಬೇರೆ ಎರಡು ಅವಘಡಗಳಲ್ಲಿ ಇಬ್ಬರು ಸತ್ತಿದ್ದರು.

ಆದರೆ ಸನ್‌ಶೈನ್‌ನಲ್ಲಿ ಜನರನ್ನು ಕೊಂದದ್ದು ಬಂಡೆ ಅಲ್ಲ, ಹೊಗೆ. ಕಲ್ಲಿದ್ದಲು ಗಣಿಗೆ ಬೆಂಕಿ ಬೀಳುತ್ತದೆ, ಗಟ್ಟಿ ಕಲ್ಲಿನ ಗಣಿಗೆ ಎಲ್ಲಿಯ ಬೆಂಕಿ ಅಂತ ಕಂಪನಿಯೂ ಅಂದುಕೊಂಡಿತ್ತು, ಕೆಲಸಗಾರರೂ ಅಂದುಕೊಂಡಿದ್ದರು. ಕಲ್ಲು ಉರಿಯಲಿಲ್ಲ, ನಿಜ. ಆದರೆ ಕಲ್ಲಿಗೆ ಆಸರೆ ಕೊಟ್ಟಿದ್ದ ಮರ ಇತ್ತು. ಗಾಳಿ ಸೋರದಂತೆ ಅಡ್ಡಗೋಡೆಗಳಿಗೆ ಬಳಿದಿದ್ದ ಪಾಲಿಯುರೆಥೇನ್ ಫೋಮ್ ಇತ್ತು. 1972ರ ಮೇ 2ರಂದು, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಹಳೆಯ ಭಾಗದಿಂದ ಹೊಗೆ ಬರತೊಡಗಿತು. ಬೆಂಕಿ ಹೊತ್ತಿದ್ದು ಹೇಗೆ ಅನ್ನುವ ಬಗ್ಗೆ ಈಗಲೂ ವಾದ ಇದೆ. ಆವತ್ತು ಒಳಗೆ 173 ಜನ ಇದ್ದರು. ಗಣಿಯ ದೊಡ್ಡ ಅಧಿಕಾರಿಗಳು ಷೇರುದಾರರ ವಾರ್ಷಿಕ ಸಭೆಗೆ ಬೇರೆ ಊರಿಗೆ ಹೋಗಿದ್ದರು.

ಒಳ್ಳೆಯ ಗಾಳಿ ಕಳಿಸಲು ಇಟ್ಟಿದ್ದ ಫ್ಯಾನ್‌ಗಳೇ ಹೊಗೆಯನ್ನೂ ಜನರಿದ್ದ ಕಡೆ ತಳ್ಳಿದವು. 10ನೇ ಶಾಫ್ಟ್‌ನ ಕೇಜ್ ಎಳೆಯುತ್ತಿದ್ದ ಆಪರೇಟರ್ ಯಂತ್ರದ ಹತ್ತಿರವೇ ಹೊಗೆಗೆ ಸಿಕ್ಕಿ ಸತ್ತ. ಒಂದು ಗಂಟೆ ಸುಮಾರಿಗೆ ಕೇಜ್ ನಿಂತುಹೋಯಿತು. ಆ ಶಾಫ್ಟ್‌ಗೆ ಹೊರಗೆ ಬಾಯಿ ಇಲ್ಲ ಅಂದೆನಲ್ಲ, ಕೆಳಗಿದ್ದವರ ದಾರಿ ಅಲ್ಲಿಗೆ ಮುಚ್ಚಿತು.

ನನಗೆ ಎಲ್ಲಕ್ಕಿಂತ ಕಾಡಿದ್ದು ಒಂದು ಸಣ್ಣ ಡಬ್ಬಿ. ಸೆಲ್ಫ್ ರೆಸ್ಕ್ಯೂವರ್ ಅನ್ನುತ್ತಾರೆ. ಬಾಯಿಗೆ ಕಚ್ಚಿ ಉಸಿರಾಡಿದರೆ ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಹಾಗೆ ಮಾಡುವಾಗ ಡಬ್ಬಿ ಬಿಸಿಯಾಗುತ್ತದೆ. ವಿಷ ಜಾಸ್ತಿ ಇದ್ದಷ್ಟೂ ಒಳಗೆ ಬರುವ ಗಾಳಿ ಬಾಯಿ ಸುಡುವಷ್ಟು ಬಿಸಿ. ಅಂದರೆ ಬಾಯಿ ಸುಡುತ್ತಿದ್ದರೆ ಡಬ್ಬಿ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ. ಇದನ್ನು ಅವರಲ್ಲಿ ಎಷ್ಟೋ ಜನರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಡಬ್ಬಿ ಕೆಟ್ಟಿದೆ ಅಂದುಕೊಂಡು ಕಿತ್ತು ಎಸೆದವರಿದ್ದಾರೆ. ಐದು ನಿಮಿಷದ ಪಾಠ ಕಣೋ. ಅಷ್ಟು ಹೊತ್ತು ಯಾರ ಹತ್ತಿರವೂ ಇರಲಿಲ್ಲವಾ?

80 ಜನ ಹೊರಗೆ ಬಂದರು. 91 ಜನ ಸತ್ತರು. ಉಳಿದ ಇಬ್ಬರು 4800 ಅಡಿ ಮಟ್ಟದಲ್ಲಿ, ದೊಡ್ಡ ಬೋರ್‌ನಿಂದ ಒಳ್ಳೆಯ ಗಾಳಿ ಬರುತ್ತಿದ್ದ ಜಾಗ ಹಿಡಿದು ಕೂತಿದ್ದರು. ಸತ್ತ ಜೊತೆಗಾರರ ಊಟದ ಡಬ್ಬಿಗಳಲ್ಲಿ ಇದ್ದದ್ದನ್ನು ತಿಂದು ಒಂದು ವಾರ ಕಳೆದರು. ಮೇ 9ರಂದು ರಕ್ಷಣಾ ತಂಡದವರು ಅದೇ ಬೋರ್‌ನಲ್ಲಿ ಪುಟ್ಟ ಕ್ಯಾಪ್ಸೂಲ್ ಇಳಿಸಿಕೊಂಡು ಬಂದು ಅವರನ್ನು ಕಂಡರು.

ಹೆದ್ದಾರಿ ಪಕ್ಕದಲ್ಲಿ ಸ್ಮಾರಕ ಇದೆ. ಡ್ರಿಲ್ ಎತ್ತಿ ಹಿಡಿದ ಉಕ್ಕಿನ ಕಾರ್ಮಿಕ. ಚೆನ್ನಾಗಿದೆ, ಆದರೆ ಕಾನೂನಿನ ಕಥೆ ಅದಕ್ಕಿಂತ ಮುಖ್ಯ ಅನ್ನಿಸಿತು. ಆ ದೇಶದಲ್ಲಿ ಕಲ್ಲಿದ್ದಲು ಗಣಿಗಳಿಗೆ 1969ರಲ್ಲೇ ಬಿಗಿ ಕಾನೂನು ಬಂದಿತ್ತು. ಲೋಹದ ಗಣಿಗಳಿಗೆ ಇದ್ದದ್ದು ಹಲ್ಲಿಲ್ಲದ ಕಾನೂನು. ಎರಡನ್ನೂ ಒಂದೇ ಕಾನೂನಿನ ಕೆಳಗೆ ತಂದದ್ದು 1977ರಲ್ಲಿ. ನೆಲದಡಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ 40 ಗಂಟೆ ತರಬೇತಿ ಕಡ್ಡಾಯವಾಯಿತು. ವರ್ಷ ವರ್ಷವೂ ಮತ್ತೆ ಕಲಿಸಬೇಕು.

ಇದನ್ನೆಲ್ಲ ಓದುತ್ತಾ ನಿಮ್ಮ ತಾತನ ಕೆಮ್ಮು ನೆನಪಾಯಿತು. ನಮ್ಮ ದೇಶದಲ್ಲಿ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಮೊದಲು ವರದಿಯಾದದ್ದು ಕೆಜಿಎಫ್‌ನಿಂದಲೇ, 1934ರಲ್ಲಿ. ನಾವು ಸುಮ್ನೆ "ಬೀಡಿ ಸೇದಿ ಸೇದಿ ಹಿಂಗಾಗಿದ್ದಾರೆ" ಅಂತಿದ್ದೆವು.

ಒಂದು ಕೆಲಸ ಮಾಡು. ನಿಮ್ಮ ದೊಡ್ಡಪ್ಪ ಕೆಜಿಎಫ್ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್‌ನಲ್ಲಿ ಇದ್ದವರಲ್ವಾ? ಅಲ್ಲಿ ಪಾಳಿ ಮುಗಿದಾಗ ಯಾರು ಮೇಲೆ ಬಂದರು, ಯಾರು ಬಂದಿಲ್ಲ ಅನ್ನುವ ಲೆಕ್ಕ ಹೇಗೆ ಇಡುತ್ತಿದ್ದರು, ಕೇಳು. ಹೊಗೆ ಬಂದರೆ ಯಾವ ದಾರಿ ಹಿಡಿಯಬೇಕು ಅಂತ ಯಾರಾದರೂ ಕಲಿಸಿದ್ದರಾ ಅಂತಲೂ ಕೇಳು. ಅವರು ಮಾತಾಡುವ ಮೂಡಿನಲ್ಲಿದ್ದರೆ ರೆಕಾರ್ಡ್ ಮಾಡಿ ಕಳಿಸು. ಡಿಸೆಂಬರಿನಲ್ಲಿ ಬಂದಾಗ ನಾನೇ ಕೂತು ಉಳಿದದ್ದು ಕೇಳುತ್ತೇನೆ.

ನಿನ್ನ ಗೆಳೆಯ