ಮಳ್ಯಾಗ ಟ್ರೇಲರ್ ಕಿಡಕಿ ಮುಚ್ಚಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ರವಿವಾರದ ಪುರವಣಿಯೊಳಗ ಕಾರಿಗೆ ಕಟಗೊಂಡು ಹೋಗೋ ಸಣ್ಣ ಟಿಯರ್‌ಡ್ರಾಪ್ ಟ್ರೇಲರ್ ಬಗ್ಗೆ ಬರದಿದ್ರಿ, ಓದಿ ಖುಷಿ ಆತು, ನಮ್ಮ ಮನ್ಯಾಗೂ ಅಂಥದ್ದೊಂದು ಐತಿ. ಆದ್ರ ಅದರಾಗ ಒಂದು ಮಾತು ಬಂದಿತ್ತು ನೋಡ್ರಿ, ಮಳಿ ಹಿಡದ್ರ ಕಿಡಕಿ ಬಾಗಲಾ ಎಲ್ಲಾ ಗಟ್ಟಿ ಹಾಕ್ಕೊಂಡು ಒಳಗ ಬೆಚ್ಚಗ ಮಲ್ಕೋಬಹುದು ಅಂತ, ಅದನ್ನ ಮಾತ್ರ ಒಪ್ಪಾಕ ಆಗಂಗಿಲ್ರಿ. ಹಂಗ ಮಲ್ಕೊಂಡ ಮಂದಿ ಮುಂಜಾನೆ ಎದ್ದು ಛತ್ತು ಸೋರಾಕತ್ತೈತಿ ಅಂತ ಟ್ರೇಲರ್ ಮಾಡಿಕೊಟ್ಟ ವೆಲ್ಡಿಂಗ್ ಅಂಗಡ್ಯಾಂವನ ಕೂಡ ಜಗಳಕ್ಕ ನಿಂದರ್ತಾರ, ಅವ ಪಾಪ ಸಿಲಿಕಾನ್ ಟ್ಯೂಬ್ ಹಿಡ್ಕೊಂಡು ಇಲ್ಲದ ತೂತು ಹುಡುಕ್ಕೋತ ಕೂಡತಾನ.

ನೋಡದೋರಿಗೆ ಹೇಳ್ಬೇಕಂದ್ರ ಇದು ಮುಂದ ದುಂಡಗ ಹಿಂದ ಇಳಿಜಾರು ಇರೋ ಸಣ್ಣ ಡಬ್ಬಿ. 1930ರ ಸುಮಾರಿಗೆ ಅಮೆರಿಕಾದಾಗ ಶುರು ಆದದ್ದು, ಅಲ್ಲಿ ಮಂದಿ ಪ್ಲೈವುಡ್ ಕೊರದು ತಮ್ಮ ಹಿತ್ತಲದಾಗ ತಾವ ಮಾಡ್ಕೋತಿದ್ರು, ಇವತ್ತಿಗೂ ಭಾಳಷ್ಟು ಟ್ರೇಲರ್ 8 ಫೂಟ್ ಉದ್ದ 4 ಫೂಟ್ ಅಗಲ ಬರ್ತಾವು, ಪ್ಲೈವುಡ್ ಶೀಟಿನ ಅಳತಿನೂ ಅಷ್ಟ. ಇಬ್ರು ಮಲಗಬಹುದು, ಎದ್ದು ನಿಂದ್ರಾಕ ಆಗಂಗಿಲ್ಲ, ಅಡಗಿ ಕಟ್ಟಿ ಹಿಂದಿನ ಡಿಕ್ಕಿ ಒಳಗ, ಮುಚ್ಚಳ ಎತ್ತಿ ಹೊರಗ ನಿಂತು ಮಾಡೋದು.

ಈಗ ಇಷ್ಟು ಸಣ್ಣ ಜಾಗಾದಾಗ ಇಬ್ರು ರಾತ್ರಿಪೂರಾ ಉಸಿರಾಡಿದ್ರ ಏನಾಗ್ತೈತಿ ವಿಚಾರ ಮಾಡ್ರಿ. ಉಸಿರು, ಬೆವರು ಎರಡೂ ಕೂಡಿ ಸುಮಾರು ಅರ್ಧ ಲೀಟರ್ ನೀರು ಆವಿ ಆಗಿ ಒಳಗಿನ ಗಾಳಿಗೆ ಸೇರ್ತೈತಿ, ಹೊರಗ ಮಳಿ ಬಿದ್ದು ಡಬ್ಬಿಗೆ ಹೊದಿಸಿದ ಅಲ್ಯುಮಿನಿಯಂ ಶೀಟ್, ಅದಕ್ಕ ಹತ್ತಿದ ಫ್ರೇಮ್ ಎರಡೂ ತಣ್ಣಗಾಗಿರ್ತಾವು, ಆವಿ ಹೋಗಿ ಥಂಡಿ ಇದ್ದಲ್ಲೇ ಹನಿ ಕಟ್ಟತೈತಿ. ಬ್ಯಾಟರಿ ಹಚ್ಚಿ ಛತ್ತು ನೋಡ್ರಿ, ಪ್ಲೈ ಹಿಂದ ಕಬ್ಬಿಣದ ಫ್ರೇಮ್ ಎಲ್ಲಿ ಹಾದೈತೋ ಬರೋಬ್ಬರಿ ಅಲ್ಲೇ ಹನಿ ಸಾಲಾಗಿ ನಿಂತಿರ್ತಾವು, ಸ್ಕ್ರೂ ತಲಿ ಮ್ಯಾಲೆ ಒಂದೊಂದು. ಸೋರಿಕಿ ಇದ್ರ ಒಂದೇ ಕಡೆ ಇಳೀತೈತಿ, ಹಿಂಗ ಗೆರಿ ಹೊಡದಂಗ ಬರಂಗಿಲ್ಲ.

ಇದನ್ನ ಹೇಳಿದ್ರ ಎಲ್ರೂ ಕೇಳೋದು ಒಂದ ಪ್ರಶ್ನಿ, ಹೊರಗಿನ ಗಾಳಿನ ಹಸಿ ಇರಬೇಕಾದ್ರ ಕಿಡಕಿ ತೆಗದು ಏನ್ ಉಪಯೋಗ ಅಂತ. ಉಪಯೋಗ ಐತ್ರಿ. ಹೊರಗಿನ ಗಾಳಿ ತಣ್ಣಗಿರ್ತೈತಿ, ಒಳಗ ಬಂದು ನಮ್ಮ ಮೈ ಶಾಖಕ್ಕ ಒಂದೆರಡು ಡಿಗ್ರಿ ಕಾದ್ರ ಸಾಕು ಇನ್ನಷ್ಟು ನೀರು ಹಿಡಿಯೋ ತಾಕತ್ತು ಬರ್ತೈತಿ, ಹಿಡ್ಕೊಂಡು ಮ್ಯಾಲಿನ ವೆಂಟ್, ಅಂದ್ರ ಗಾಳಿಕಿಂಡಿಯಿಂದ ಹೊರಗ ಹೋಗ್ತೈತಿ. ಅದಕ್ಕ ಛತ್ತಿಗೆ ಒಂದು ವೆಂಟ್ ಫ್ಯಾನ್, ಮತ್ತ ಗಾಳಿ ಹೊಡಿಯಲಾರದ ಕಡೀಗಿನ ಕಿಡಕಿ ಎರಡು ಬೆರಳು ತೆಗದಿರ್ಬೇಕು. ಫ್ಯಾನ್ ಒಂದ ಇದ್ದು ಎಲ್ಲಾ ಕಿಡಕಿ ಮುಚ್ಚಿದ್ರ ಅದು ಸುಮ್ನ ತಿರಗತೈತಿ ಅಷ್ಟ. ಕಿಡಕಿ ಮ್ಯಾಲ ಸಣ್ಣ ತಗಡಿನ ಛಜ್ಜಾ ಹಚ್ಚಿಸಿದ್ರ ನೀರು ಒಳಗ ಬರಂಗಿಲ್ಲ.

ಒಳಗ ಗ್ಯಾಸ್ ಒಲಿ ಅಂತೂ ಹಚ್ಚಾಕ ಹೋಗಲೇಬ್ಯಾಡ್ರಿ, ಚಾ ಕಾಸಾಕೂ. 1 ಕೆಜಿ ಗ್ಯಾಸ್ ಉರದ್ರ ಒಂದೂವರಿ ಕೆಜಿಗಿಂತ ಹೆಚ್ಚು ನೀರು ಆವಿ ಆಗಿ ಒಳಗಿನ ಗಾಳಿಗೆ ಸೇರ್ತೈತಿ, ಅದಕ್ಕಿಂತ ಮುಖ್ಯ ಕಾರ್ಬನ್ ಮೊನಾಕ್ಸೈಡ್, ಅದಕ್ಕ ವಾಸನಿ ಇಲ್ಲ, ಮಲಗಿದೋರು ಏಳಂಗೇ ಇಲ್ಲ. ಥಂಡಿ ಅಂತ ಇದ್ದಲಿ ಬುಟ್ಟಿ ಒಳಗ ಇಟ್ಕೊಳ್ಳೋದೂ ಅಷ್ಟ ಅಪಾಯ.

ಹಾಸಗಿ ಕೆಳಗ ಯಾರೂ ನೋಡಂಗಿಲ್ಲ. ಫೋಮ್ ಗಾದಿ ಸೀದಾ ಪ್ಲೈ ಮ್ಯಾಲ ಹಾಸಿದ್ರ ಗಾದಿ ಅಡಿ ತ್ಯಾವ ಹಿಡೀತೈತಿ, ಎರಡ ರಾತ್ರಿಗೆ ಮುಗ್ಗು ವಾಸನಿ, ಆಮ್ಯಾಲೆ ಕರೇ ಚುಕ್ಕಿ. ಕೆಳಗ ಕಟ್ಟಿಗಿ ಪಟ್ಟಿ ಬಡಸ್ರಿ, ಇಲ್ಲಾಂದ್ರ ನಾರಿನ ಮ್ಯಾಟ್ ಹಾಸ್ರಿ, ಗಾಳಿ ಆಡಬೇಕು. ಮುಂಜಾನೆ ಗಾದಿ ಎತ್ತಿ ನಿಲ್ಲಸ್ರಿ. ಹೊದಿಯಾಕ ಕೌದಿ ಬ್ಯಾಡ, ಅವ್ವ ಹೊಲದು ಕೊಟ್ಟದ್ದು ಖರೆ, ಆದ್ರ ಅರಿವಿ ನೀರು ಹೀರಿದ್ರ ಮಳಿಗಾಲದಾಗ ಒಣಗೂದ ಇಲ್ಲ. ಮೇಡ್ಲೇರಿ ಕಡೀದು ಒಂದು ಕುರಿ ಉಣ್ಣಿ ಕಂಬಳಿ ಒಯ್ರಿ, ಒಂಚೂರು ತ್ಯಾವ ಆದ್ರೂ ಬೆಚ್ಚಗ ಇರ್ತೈತಿ, ಚುಚ್ಚತೈತಿ ಅನ್ನೋದಾದ್ರ ಒಳಗೊಂದು ಪಂಜೆ ಹಾಕ್ಕೊಳ್ರಿ. ತೊಯ್ದ ಚಪ್ಪಲಿ, ರೇನ್‌ಕೋಟ್ ಒಳಗ ತರಬ್ಯಾಡ್ರಿ, ಬಕೆಟ್‌ನ್ಯಾಗ ಹಾಕಿ ಗಾಡಿ ಕೆಳಗ ಇಡ್ರಿ.

ನಿಲ್ಲಸೋ ಜಾಗಾ ಇನ್ನೊಂದು. ನಮ್ಮ ಕಡೆ ಮುಂಗಾರು ಗಾಳಿ ಪಶ್ಚಿಮದಿಂದ ಬರ್ತೈತಿ, ಟ್ರೇಲರ್ ಮೂತಿ ಆ ಕಡೆ ಮಾಡಿದ್ರ ಹಿಂದ ಅಡಗಿ ಮಾಡೋರಿಗೆ ಇರಚಲು ಹೊಡಿಯಂಗಿಲ್ಲ. ಡಿಕ್ಕಿ ಮುಚ್ಚಳ ಎತ್ತಿದಾಗ ಅದರ ಮ್ಯಾಲಿನ ನೀರು ಛತ್ತಿನ ಕಡೆ ಹರದು ಮುಚ್ಚಳದ ಬಿಜಾಗರಿಗೆ ಇಳೀತೈತಿ, ಖರೆ ಸೋರಿಕಿ ಆಗೋದು ಅಲ್ಲೇ, ಅದಕ್ಕ ಮುಚ್ಚಳ ಎತ್ತೂಕ್ಕಿಂತ ಮೊದ್ಲ ಮ್ಯಾಲ ತಾಡಪತ್ರಿ ಕಟ್ಟಬೇಕು, ನೀರು ನಿಂದರದಂಗ ಒಂದು ಮೂಲಿ ಇಳಸಿ. ನವಲಗುಂದ, ರೋಣದ ಎರಿ ಹೊಲದಾಗ ಮಳಿ ಆದ ಮ್ಯಾಲೆ ನಿಲ್ಲಸಿದ್ರೋ ಮುಗೀತು, ಗಾಲಿ ಹುಗದು ಟ್ರ್ಯಾಕ್ಟರ್ ಕರೀಬೇಕು. ಮಸಾರಿ ಇಲ್ಲಾ ಗರಸು ಹಾಕಿದ ಜಾಗಾನ ನೋಡ್ರಿ. ಕಾಡಿನ್ಯಾಗ ಅರಣ್ಯ ಇಲಾಖೆ ಪರವಾನಗಿ ಇಲ್ದ ಇಳೀಬ್ಯಾಡ್ರಿ, ದಾಂಡೇಲಿ ಆಗ್ಲಿ ಕಪ್ಪತಗುಡ್ಡ ಆಗ್ಲಿ.

ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನ್ಯಾಗ ಫ್ಯಾಬ್ರಿಕೇಶನ್ ಕೆಲಸದೋರಿಗೇನು ಬರ ಇಲ್ಲ, ಹೇಳಿದಂಗ ಮಾಡಿ ಕೊಡ್ತಾರ, ಆದ್ರ ಹೇಳೋರು ಟಿವಿ ಎಲ್ಲಿಡೋದು ಲೈಟ್ ಯಾವ ಕಲರ್ ಅಂತ ಹೇಳ್ತಾರ ಹೊರತು ವೆಂಟ್ ಕೇಳಂಗಿಲ್ಲ. ಮೊದ್ಲ ವೆಂಟ್ ಕೇಳ್ರಿ, ಗ್ವಾಡಿ ಒಳಗ ಒಂದು ಇಂಚು ಥರ್ಮಾಕೋಲ್ ಕೇಳ್ರಿ, ಪ್ಲೈವುಡ್ ಅಂಚಿಗೆ ಎಪಾಕ್ಸಿ ಹಚ್ಚಸ್ರಿ, ನೀರು ಹೀರೋದು ಅಂಚಿನಿಂದನ. ಟಿವಿ ಆಮ್ಯಾಲೆ ನೋಡ್ಕೊಂಡ್ರಾತು.

ಸಂಪಾದಕರ, ಆ ಕಿಡಕಿ ಮುಚ್ಚೋ ಮಾತಿಗೆ ಮುಂದಿನ ವಾರ ಒಂದು ತಿದ್ದುಪಡಿ ಹಾಕ್ರಿ, ಸಾಧ್ಯ ಆದ್ರ ಗ್ಯಾಸ್ ಒಲಿ ವಿಷಯ ದಪ್ಪ ಅಕ್ಷರದಾಗ ಹಾಕ್ರಿ.

ನಿಮ್ಮ ಓದುಗ,
ವಿದ್ಯಾನಗರ, ಹುಬ್ಬಳ್ಳಿ