ನಿನ್ನ 95, ಅವಳ 71

ಪ್ರೀತಿಯ ಮಗಳೇ,

ಫೋನಲ್ಲಿ ಮಾತಾಡಿದರೆ ಜಗಳ ಆಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ನಿನಗೆ 95 ಪರ್ಸೆಂಟ್, ನಿನ್ನ ಪಕ್ಕ ಕೂರುತ್ತಿದ್ದವಳಿಗೆ 71. "ಅವಳು ಓದಲೇ ಇಲ್ಲಮ್ಮಾ" ಅಂದೆಯಲ್ಲ, ಆ ಮಾತು ನನಗೆ ಸರಿ ಕಾಣಲಿಲ್ಲ.

ಅವಳ ಮನೆ ನೀನು ನೋಡಿದ್ದೀ. ಜಗಲಿಯಲ್ಲಿ ಅವಳಮ್ಮ ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾರೆ. ಇವಳು ಶಾಲೆಯಿಂದ ಬಂದವಳೇ ಕತ್ತರಿ ಹಿಡಿದು ಎಲೆ ಕತ್ತರಿಸಬೇಕು, ಆಮೇಲೆ ಕಟ್ಟಿದ ಬೀಡಿಯ ಬಾಯಿ ಮಡಚಬೇಕು, ಯಾಕಂದ್ರೆ ಮರುದಿನ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು, ಸಾವಿರಕ್ಕೆ ಇಷ್ಟು ಅಂತ ಮಜೂರಿ, ಕೈ ನಿಂತರೆ ದುಡ್ಡೂ ನಿಂತಿತು. ಅವಳ ಸ್ಕೂಲ್ ಫೀಸು ಕಟ್ಟಿದ್ದೂ ಅದೇ ದುಡ್ಡಲ್ಲಿ. ಪುಸ್ತಕ ತೆಗೆಯುವುದು ರಾತ್ರಿ ಊಟ ಆದ ಮೇಲೆ. ಅಷ್ಟೊತ್ತಿಗೆ ನಿನ್ನ ಟ್ಯೂಷನ್ ಮುಗಿದು, ಲೆಕ್ಕ ತಿಳಿಯದಿದ್ದರೆ ಅಪ್ಪನನ್ನು ಕೇಳಿಯೂ ಆಗಿರುತ್ತಿತ್ತು. ಅವಳು ಯಾರನ್ನು ಕೇಳುವುದು? ಮನೆಯಲ್ಲಿ ತುಳು, ಪಾಠ ಇಂಗ್ಲಿಷು, ಅಮ್ಮ ಓದಿದ್ದು ಐದನೇ ಕ್ಲಾಸು.

ನೀನು ಕಷ್ಟಪಡಲಿಲ್ಲ ಅಂತಲ್ಲ ಮಾರಾಯ್ತಿ. ಬೆಳಿಗ್ಗೆ ಐದಕ್ಕೆ ಎದ್ದದ್ದು ನೀನೇ. ಎಬ್ಬಿಸಿ ಚಾ ಕೊಡಲು ನಾನಿದ್ದೆ, ಅಲ್ವಾ?

ನಮ್ಮದು ಬುದ್ಧಿವಂತರ ಜಿಲ್ಲೆ ಅಂತಾರೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು. ಖುಷಿಯೇ. ಆದರೆ ಅದು ಪಾಸಾದವರ ಲೆಕ್ಕ ಮಾತ್ರ. 95 ಯಾವ ಮನೆಗೆ ಹೋಯಿತು, 71 ಯಾವ ಮನೆಗೆ ಅಂತ ಅದರಲ್ಲಿ ಇರುವುದಿಲ್ಲ. ಸರ್ಕಲ್‌ಗಳಲ್ಲಿ ಫ್ಲೆಕ್ಸ್ ಹಾಕುವುದೂ 95ರವರದ್ದೇ.

ಇದು ನಾನು ಸುಮ್ನೆ ಕಟ್ಟಿ ಹೇಳುವುದಲ್ಲ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಅಂತ ಸಮಾಜಶಾಸ್ತ್ರಜ್ಞರಿದ್ದರು. ಅವರ ತಂಡ ಸುಮಾರು 6 ಲಕ್ಷ ಮಕ್ಕಳ ಮಾಹಿತಿ ಸೇರಿಸಿ 1966ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ಶಾಲೆಯ ಕಟ್ಟಡ, ಲ್ಯಾಬು ಇವುಗಳಿಗಿಂತ ಮಗುವಿನ ಮನೆಯ ಸ್ಥಿತಿಗತಿಯೇ ಕಲಿಕೆಯ ಮೇಲೆ ಜಾಸ್ತಿ ಪರಿಣಾಮ ಮಾಡುತ್ತದೆ ಅಂತ ಅದರಲ್ಲಿತ್ತು. ಅದರ ಮೇಲೆ ಇವತ್ತಿಗೂ ವಾದ ನಡೆದೇ ಇದೆ, ಅದು ಬೇರೆ ಮಾತು. ನನಗೆ ಮುಖ್ಯ ಅನಿಸಿದ್ದು ಅದರಲ್ಲಿನ ಇನ್ನೊಂದು ವಿಷಯ: ಜೊತೆಗೆ ಓದುವ ಮಕ್ಕಳು ಎಂಥ ಮನೆಯವರು ಅನ್ನುವುದೂ ಲೆಕ್ಕಕ್ಕೆ ಬರುತ್ತದಂತೆ, ಅದರಲ್ಲೂ ಅನುಕೂಲ ಕಡಿಮೆ ಇರುವ ಮಕ್ಕಳಿಗೆ. ಅಂದರೆ ನೀನು ಪಕ್ಕದಲ್ಲಿ ಕೂತದ್ದೂ ಅವಳಿಗೆ ಒಂದು ಬಲವೇ ಆಗಿತ್ತು. ಈಗ ನೀನು ಮಂಗಳೂರಲ್ಲಿ ಹಾಸ್ಟೆಲು, ನೀಟ್ ಕೋಚಿಂಗು, ಲಕ್ಷಗಟ್ಟಲೆ ಫೀಸು. ಅವಳು ಇಲ್ಲೇ ಸರ್ಕಾರಿ ಪಿಯು ಕಾಲೇಜಲ್ಲಿ ಕಾಮರ್ಸು. ಬೆಂಚೇ ಬೇರೆಯಾಯಿತು.

ಈ ಸಲ ಊರಿಗೆ ಬರುವಾಗ ಲ್ಯಾಪ್‌ಟಾಪ್ ತಾ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಇದೆ, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅವಳಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಬೀಡಿ ಕಟ್ಟದ ನನಗೆ ಗೊತ್ತಿತ್ತು ನೋಡು! ಅಮ್ಮನ ಬೀಡಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಎಲ್ಲ ತೆಗೆದಿಡಲು ಹೇಳಿದ್ದೇನೆ. ಇಬ್ಬರೂ ಕೂತು ತುಂಬಿಸಿ. ಆಗ ಅವಳೆದುರು ನಿನ್ನ ಪರ್ಸೆಂಟಿನ ಸುದ್ದಿ ತೆಗೆಯಬೇಡ.

ನಿನ್ನ ಅಮ್ಮ