ಆನೆಯ ಅಳತೆಯ ಬೇಲಿ, ಹಂದಿಯ ಪಾಲಿನ ಗದ್ದೆ

ಮಾನ್ಯ ಸಂಪಾದಕರೇ,

ಕಾಡುಹಂದಿ ಕಾಟದ ಬಗ್ಗೆ ಮೊನ್ನೆ ನಡೆದ ಸಭೆಯ ವರದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಸೋಲಾರ್ ಬೇಲಿ ಕೊಟ್ಟಾಗಿದೆ, ಸರಿಯಾಗಿ ನೋಡಿಕೊಳ್ಳದ್ದು ರೈತರದ್ದೇ ತಪ್ಪು ಎಂದು ಅರಣ್ಯ ಇಲಾಖೆಯ ಸಾಹೇಬರು ಹೇಳಿದ್ದಾರೆ. ಹಾಗೆ ಹೇಳಿ ಅವರು ಜೀಪು ಹತ್ತಿದ ರಾತ್ರಿಯೇ ಕೆರೆ ಕೆಳಗಿನ ಬಯಲಿಗೆ ಹಿಂಡು ಇಳಿದಿದೆ. ಹಾಲು ಕಟ್ಟುತ್ತಿದ್ದ ಭತ್ತ ಚಾಪೆ ಹಾಸಿದ ಹಾಗೆ ಮಲಗಿದೆ. ಗದ್ದೆಯಂಚು ಕಿತ್ತುಹೋಗಿ ನೀರೆಲ್ಲ ಹಳ್ಳದ ಪಾಲು. ಪಕ್ಕದ ತೋಟದ ಎರಡು ವರ್ಷದ ಅಡಿಕೆ ಗಿಡಗಳನ್ನು ಬುಡಸಮೇತ ಮಗುಚಿ, ಒಳಗಿನ ಎಳೆ ತಿರುಳು ತಿಂದು, ಸೋಗೆಯನ್ನು ನಮಗೆ ಬಿಟ್ಟಿವೆ. ಇಷ್ಟಾದರೂ ಬೇಲಿಯ ಒಂದು ತಂತಿಯೂ ತುಂಡಾಗಿಲ್ಲ! ಬೇಲಿ ಸುಸ್ಥಿತಿಯಲ್ಲಿದೆ ಎಂದು ಮುಂದಿನ ಸಭೆಯಲ್ಲಿ ಧಾರಾಳವಾಗಿ ವರದಿ ಒಪ್ಪಿಸಬಹುದು.

ತಂತಿ ಯಾಕೆ ತುಂಡಾಗಿಲ್ಲ ಎಂದರೆ, ಅದನ್ನು ಮುಟ್ಟುವ ಪ್ರಮೇಯವೇ ಹಂದಿಗೆ ಬಂದಿಲ್ಲ. ಟೇಪು ಹಿಡಿದು ನೋಡಿ, ಎಲ್ಲಕ್ಕಿಂತ ಕೆಳಗಿನ ತಂತಿ ನೆಲದಿಂದ ಎರಡೂವರೆ ಅಡಿ ಮೇಲಿದೆ. ಅದು ಆನೆಗೆ ಹಾಕುವ ಬೇಲಿಯ ಅಳತೆ. ಹಂದಿಮರಿಗಳು ಅದರಡಿ ತಲೆ ಎತ್ತಿಕೊಂಡೇ ಹೋಗುತ್ತವೆ, ತಾಯಿ ಸ್ವಲ್ಪ ಬೆನ್ನು ತಗ್ಗಿಸುತ್ತದೆ. ತಗ್ಗಿಸದೆ ಬೆನ್ನು ತಾಗಿದರೂ ಅಲ್ಲಿರುವುದು ಬಿರುಗೂದಲು, ಅದರ ಮೇಲೆ ಒಣಗಿದ ಕೆಸರು. ಶಾಕ್ ಎಲ್ಲಿಂದ ತಟ್ಟಬೇಕು? ಹಂದಿ ಮೂತಿಯನ್ನು ನೆಲಕ್ಕೆ ಹಚ್ಚಿಕೊಂಡು ನಡೆಯುವ ಪ್ರಾಣಿ. ತಟ್ಟಬೇಕಾದ್ದು ಆ ಒದ್ದೆ ಮೂಗಿಗೆ. ಹಾಗಾಗಿ ಮೊದಲ ತಂತಿ ನೆಲದಿಂದ 6ರಿಂದ 8 ಇಂಚು, ಎರಡನೆಯದು 15 ಇಂಚಿನ ಆಸುಪಾಸು, ಮೂರನೆಯದು 2 ಅಡಿ. ಕೆಳಗಿನ ಎರಡು ತಂತಿ ಸರಿಯಾಗಿದ್ದರೆ ಹಂದಿಯ ಮಟ್ಟಿಗೆ ಮುಕ್ಕಾಲು ಕೆಲಸ ಮುಗಿಯಿತು. ತಗ್ಗು ಬಂದಲ್ಲಿ, ಕಾಲುವೆ ದಾಟುವಲ್ಲಿ, ಕಂಬದಿಂದ ಕಂಬಕ್ಕೆ ನೇರ ಎಳೆದು ಬಿಟ್ಟರೆ ಅಡಿಯಲ್ಲಿ ಬಾಗಿಲು ಬಿಟ್ಟ ಹಾಗೆಯೇ. ಅಲ್ಲಿ ಹೆಚ್ಚಿಗೆ ಗೂಟ ಹೊಡೆದು ತಂತಿಯನ್ನು ನೆಲದ ಜೊತೆಗೇ ಇಳಿಸಬೇಕು. ಗುತ್ತಿಗೆದಾರರ ಕಡೆಯವರಿಗೆ ಇದನ್ನು ಅಂದೇ ಹೇಳಿದೆವು. ಎಸ್ಟಿಮೇಟಿನಲ್ಲಿ ಇಲ್ಲ ಎಂದರು. ಹಂದಿ ಎಸ್ಟಿಮೇಟು ಓದಿರಲಿಲ್ಲ.

ಇನ್ನು ಅರ್ಥಿಂಗ್. ತಂತಿಯಿಂದ ಹೊರಟ ಕರೆಂಟು ಹಂದಿಯ ಮೈಮೂಲಕ ನೆಲಕ್ಕಿಳಿದು, ನೆಲದೊಳಗಿಂದ ಅರ್ಥಿಂಗ್ ರಾಡಿಗೆ ಬಂದು, ತಂತಿಗೆ ಕರೆಂಟಿನ ಏಟು ಕಳಿಸುವ ಎನರ್ಜೈಸರ್ ಪೆಟ್ಟಿಗೆಗೆ ವಾಪಸಾದರೆ ಮಾತ್ರ ಶಾಕ್. ನಮ್ಮಲ್ಲಿ ಜಂಬಿಟ್ಟಿಗೆ ನೆಲಕ್ಕೆ ಎರಡಡಿಯ ಒಂದೇ ಒಂದು ಸರಳು ಕುಟ್ಟಿ ಕೈತೊಳೆದುಕೊಂಡಿದ್ದಾರೆ. ಮಳೆಗಾಲದಲ್ಲಿ ಹೇಗೋ ನಡೆಯುತ್ತದೆ. ಮಾರ್ಚ್ ಬಂತೆಂದರೆ ನೆಲ ಒಣಗಿ ಬೇಲಿ ಬರೀ ಬಟ್ಟೆ ಒಣಹಾಕುವ ತಂತಿ. 5ರಿಂದ 6 ಅಡಿಯ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ರಾಡುಗಳನ್ನು ಹತ್ತು ಹತ್ತು ಅಡಿ ಅಂತರದಲ್ಲಿ ಹೊಡೆದು, ಒಂದಕ್ಕೊಂದು ಬಿಗಿಯಾಗಿ ಜೋಡಿಸಬೇಕು. ಅದೂ ವರ್ಷವಿಡೀ ತೇವ ಇರುವ ಬಸಿಗಾಲುವೆಯ ಪಕ್ಕ. ಗುಡ್ಡದ ಕಡೆಯ ಒಣ ನೆಲವಾದರೆ ಒಂದು ತಂತಿ ಬಿಟ್ಟು ಒಂದನ್ನು ಅರ್ಥಿಂಗಿಗೇ ಜೋಡಿಸಿದರೆ, ಹಂದಿ ಎರಡನ್ನೂ ತಾಗಿಸಿದಾಗ ನೆಲದ ಹಂಗಿಲ್ಲದೆ ಶಾಕ್ ಹೊಡೆಯುತ್ತದೆ. ಇದೇನು ಬ್ರಹ್ಮವಿದ್ಯೆಯಲ್ಲ, ಎನರ್ಜೈಸರ್ ಮಾರುವ ಅಂಗಡಿಯ ಹುಡುಗನೂ ಹೇಳುತ್ತಾನೆ.

ಸಾಹೇಬರು ಹೇಳಿದ ನಿರ್ವಹಣೆಯ ಮಾತಿಗೇ ಬರೋಣ. ತಂತಿಯಡಿಯ ಹುಲ್ಲನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸವರಬೇಕು, ಇಲ್ಲವಾದರೆ ಪ್ರತಿ ಹಸಿ ಕಡ್ಡಿಯೂ ಒಂದಿಷ್ಟು ಕರೆಂಟನ್ನು ನೆಲಕ್ಕೆ ಸೋರಿಸುತ್ತದೆ. ಒಪ್ಪಿದೆವು, ಸವರುತ್ತಲೂ ಇದ್ದೇವೆ. ಆದರೆ ಸವರಿದ ಮೇಲೆ ಬೇಲಿಯಲ್ಲಿ ಎಷ್ಟು ವೋಲ್ಟ್ ಉಳಿದಿದೆ ಎಂದು ನೋಡುವುದು ಯಾವುದರಲ್ಲಿ? ಬೇಲಿಯ ಕಟ್ಟಕಡೆಯ ಕಂಬದಲ್ಲಿ ಕಡಿಮೆಯೆಂದರೂ 5,000 ವೋಲ್ಟ್ ಸಿಗಬೇಕು. 3,000ಕ್ಕಿಂತ ಕೆಳಗೆ ಹೋದರೆ ಹಂದಿ ಕ್ಯಾರೇ ಅನ್ನುವುದಿಲ್ಲ. ಅದನ್ನು ನೋಡುವ ಟೆಸ್ಟರನ್ನು ಬೇಲಿಯ ಜೊತೆ ಕೊಟ್ಟಿಲ್ಲ. ಪೆಟ್ಟಿಗೆ ಸೆಕೆಂಡಿಗೊಮ್ಮೆ ಟಿಕ್ ಟಿಕ್ ಅನ್ನುತ್ತಿರುತ್ತದೆ, ಅದನ್ನು ಕೇಳಿ ಸಮಾಧಾನ ಪಟ್ಟುಕೊಳ್ಳಬೇಕು. ಸೋಲಾರ್ ಪ್ಯಾನಲ್ಲನ್ನು ನಿಲ್ಲಿಸಿದ್ದು ಹಲಸಿನ ಮರದ ನೆರಳಿನಲ್ಲಿ! ಜುಲೈಯಲ್ಲಿ ವಾರಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದ 12 ವೋಲ್ಟಿನ ಬ್ಯಾಟರಿ ಆಗಸ್ಟಿನಲ್ಲಿ ಸತ್ತಿತು. ವಾರಂಟಿ ಕೇಳಿದರೆ ಗುತ್ತಿಗೆದಾರರು ಇಲಾಖೆಯ ಕಡೆ, ಇಲಾಖೆಯವರು ಗುತ್ತಿಗೆದಾರರ ಕಡೆ ಬೆರಳು ತೋರಿಸುತ್ತಾರೆ. ಅರ್ಧ ಹಣ ಸಬ್ಸಿಡಿ ಎನ್ನುತ್ತಾರಲ್ಲ, ಉಳಿದರ್ಧ ನಮ್ಮ ಜೇಬಿನದು ಎಂಬುದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ.

ಬೇಲಿ ಹೀಗೆ ಕೈಕೊಟ್ಟಾಗ ಕೆಲವರು ಕಂಬದ ಕರೆಂಟನ್ನೇ ತಂತಿಗೆ ಕೊಡುವ ಹುಚ್ಚಿಗೆ ಇಳಿಯುತ್ತಾರೆ. ದಯವಿಟ್ಟು ಬೇಡ. ಎನರ್ಜೈಸರಿನದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಏಟು, ಕೈ ಕಿತ್ತುಕೊಳ್ಳಲು ಬಿಡುವಿರುತ್ತದೆ. ಲೈನಿನ ಕರೆಂಟು ಹಿಡಿದರೆ ಬಿಡುವುದಿಲ್ಲ. ಸಾಯುವುದು ಹಂದಿ ಮಾತ್ರವಲ್ಲ, ದನವೂ ಸಾಯುತ್ತದೆ, ಬೆಳಗ್ಗೆ ನೀರು ಕಟ್ಟಲು ಹೋದ ಮನೆಯವರೂ ಸಾಯುತ್ತಾರೆ. ಉರುಳೂ ಅಷ್ಟೇ, ಹಂದಿಗೆ ಒಡ್ಡಿದ್ದಕ್ಕೆ ಚಿರತೆ ಬಿದ್ದರೆ ಜೈಲು ಗ್ಯಾರಂಟಿ.

ಸಭೆಯಲ್ಲಿ ಬಿಟ್ಟಿ ಸಲಹೆಗಳಿಗೇನೂ ಬರವಿರಲಿಲ್ಲವಂತೆ. ಹಳೆ ಸೀರೆ ಕಟ್ಟಿ, ಕ್ಷೌರದಂಗಡಿಯ ಕೂದಲು ಚೆಲ್ಲಿ, ಗರ್ನಾಲು ಹೊಡೆಯಿರಿ! ಸೀರೆಗೆ ಹಂದಿ ಹೆದರುವುದು ಹೆಚ್ಚೆಂದರೆ ಎರಡು ವಾರ. ಕೂದಲು ಮೊದಲ ಮಳೆಗೆ ಮಣ್ಣು ಸೇರುತ್ತದೆ. ಊರಿನ ಹಳೆ ಸೀರೆಗಳೆಲ್ಲ ಈಗಾಗಲೇ ಬೇಲಿಯಲ್ಲಿವೆ, ಇನ್ನು ಉಟ್ಟದ್ದನ್ನೇ ಬಿಚ್ಚಿ ಕಟ್ಟಬೇಕು. ಮಂಗನ ವಿಚಾರ ಇಲ್ಲಿ ಎತ್ತುವುದಿಲ್ಲ. ಎತ್ತಿದರೆ ಹಿಡಿದ ಮಂಗಗಳನ್ನು ಬಿಡಲು ಹೊಸನಗರದ ಕಡೆ ಆಗುತ್ತದೆಂದು ಹೇಳಿದ ಮಂಕಿ ಪಾರ್ಕಿನ ಪುರಾಣವನ್ನು ಮೊದಲಿನಿಂದ ಓದಬೇಕಾಗುತ್ತದೆ.

ಕೋವಿಯ ಕಥೆ ಬೇರೆ. ಬೆಳೆ ರಕ್ಷಣೆಗೆಂದೇ ಲೈಸೆನ್ಸ್ ಕೊಟ್ಟ ಕೋವಿಯನ್ನು ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆಗೆ ಒಪ್ಪಿಸಿದೆವು, 2024ರಲ್ಲಿ ಲೋಕಸಭೆಗೆ ಮತ್ತೆ ಒಪ್ಪಿಸಿದೆವು. ಎರಡೂ ಸಲ ಬೇಸಿಗೆ, ತೋಟದ ಹಸಿ ಮಣ್ಣನ್ನು ಎರೆಹುಳುವಿಗಾಗಿ ಹಂದಿ ಉಳುವ ಕಾಲ. ನೀತಿಸಂಹಿತೆ ಹಂದಿಗೆ ಅನ್ವಯಿಸುವುದಿಲ್ಲ. ಕೋವಿ ವಾಪಸು ಬಂದ ಮೇಲೂ ಅದು ಗೋಡೆಯ ಅಲಂಕಾರವೇ. ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಅನುಸೂಚಿಗೆ ಸೇರಿದೆ. ಬೆಳೆ ಹಾಳು ಮಾಡುವ ಹಂದಿಗೆ ಗುಂಡು ಹಾರಿಸಲು 11ನೇ ಸೆಕ್ಷನ್ ಪ್ರಕಾರ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೇರಳದಲ್ಲಿ 2022ರಲ್ಲೇ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಕೈಗೆ ಕೊಟ್ಟರು. ಇಲ್ಲಿ ಅರ್ಜಿ ಹಿಡಿದು ಹೋದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಅನುಮತಿ ಬರುವ ಹೊತ್ತಿಗೆ ಭತ್ತ ಇರುವುದಿಲ್ಲ, ಹಂದಿಯೂ ಇರುವುದಿಲ್ಲ, ಅದರ ಮರಿಗಳ ಮರಿಗಳಿರುತ್ತವೆ.

ಪರಿಹಾರಕ್ಕೆ ಅರ್ಜಿ ಹಾಕಿ ಎನ್ನುವವರಿಗೆ ಒಂದು ಮಾತು. ಪಹಣಿ, ಆಧಾರ್, ಪಾಸ್‌ಬುಕ್, ಜಿಪಿಎಸ್ ಫೋಟೊ ಎಲ್ಲ ಕೊಟ್ಟೆವು. ಫೋಟೊ ಏರಿಸಲು ನೆಟ್‌ವರ್ಕ್ ಹುಡುಕಿ ಗುಡ್ಡದ ತಲೆಗೆ ಹೋದೆವು. ಕೊನೆಗೆ ಬೆಳೆ ಸಮೀಕ್ಷೆಯಲ್ಲಿ ಬಾಳೆ ಇಲ್ಲ, ಬರೀ ಅಡಿಕೆ ಇದೆ, ಆದ್ದರಿಂದ ಬಾಳೆ ಹೋದದ್ದಕ್ಕೆ ಲೆಕ್ಕವಿಲ್ಲ ಎಂದರು. ಜಂಟಿ ಖಾತೆಯವರು ಅಣ್ಣತಮ್ಮಂದಿರ ಒಪ್ಪಿಗೆ ಪತ್ರಕ್ಕೆ ಬೆಂಗಳೂರಿಗೆ ಅಲೆಯಬೇಕು. ಮಹಜರಿಗೆ ಬರುವವರು ಬರುವುದು ನಾವು ಅಂಚು ಕಟ್ಟಿ ಸರಿಮಾಡಿದ ಮೇಲೆ, ಆಗ ಹಾನಿ ಕಾಣುವುದಿಲ್ಲ. ಕಟ್ಟದೆ ಬಿಟ್ಟರೆ ನೀರು ನಿಲ್ಲುವುದಿಲ್ಲ. ಜಮೀನು ಅಳೆದು ಬೇರ್ಪಡಿಸುವ ಪೋಡಿಗೆ ಕೊಟ್ಟ ಅರ್ಜಿ ಏನಾಯಿತು ಎಂದು ಇದೇ ಉಸಿರಿನಲ್ಲಿ ಕೇಳಬೇಕೆನಿಸುತ್ತದೆ, ಅದು ಬೇರೆ ಕಚೇರಿಯಂತೆ.

ಗುಡ್ಡಕ್ಕೆಲ್ಲ ಅಕೇಶಿಯಾ ನೆಟ್ಟವರು ನಾವಲ್ಲ. ಅದರಡಿಯಲ್ಲಿ ಹಂದಿ ತಿನ್ನುವಂಥ ಗೆಡ್ಡೆಯಿಲ್ಲ, ಹಣ್ಣಿಲ್ಲ. ಹಗಲು ಲಂಟಾನದ ಪೊದೆಯಲ್ಲಿ ಮಲಗಿ ರಾತ್ರಿ ಊಟಕ್ಕೆ ಬಯಲಿಗೆ ಬರುವುದನ್ನು ಹಂದಿಯ ತಪ್ಪು ಎಂದೂ ನಾವು ಹೇಳುವುದಿಲ್ಲ.

ಈಗಿರುವ ಬೇಲಿಗೆ ಕೆಳಗೆ ಎರಡು ತಂತಿ ಸೇರಿಸಿ, ಅರ್ಥಿಂಗ್ ಸರಿಮಾಡಿಕೊಡಲಿ. ಇಲ್ಲವಾದರೆ ಇಡೀ ಬೇಲಿಯನ್ನು ಕಿತ್ತು ಆನೆ ಇರುವ ಊರಿಗೆ ಒಯ್ಯಲಿ, ಅಲ್ಲಿಯಾದರೂ ಉಪಯೋಗಕ್ಕೆ ಬಂದೀತು. ಎರಡೂ ಆಗದಿದ್ದರೆ ಮುಂದಿನ ಸಭೆಯನ್ನು ಊಟ-ತಿಂಡಿಯ ಸಭಾಂಗಣದಲ್ಲಿ ಇಟ್ಟುಕೊಳ್ಳದೆ ರಾತ್ರಿ ಹನ್ನೊಂದಕ್ಕೆ ನಮ್ಮ ಕಾವಲಿನ ಮಾಳದ ಮೇಲೆ ಇಟ್ಟುಕೊಳ್ಳಲಿ, ಕಂಬಳಿ ನಾವು ಕೊಡುತ್ತೇವೆ. ಬರುವವರು ಜೀಪನ್ನು ಮಾತ್ರ ಕೆರೆ ಏರಿಯ ಮೇಲೆ ನಿಲ್ಲಿಸಬಾರದು. ಅದನ್ನೂ ಹಂದಿ ಅಗೆದು ಹಾಕಿದೆ, ಆ ಬಗ್ಗೆ ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆಯಿತು.

— ಕೆರೆ ಕೆಳಗಿನ ಬಯಲಿನ ಬೆಳೆಗಾರರು